ಮೈಮೇಲೆ ಬೀರಪ್ಪ ಬಂದನೆಂದರು

ಗೆಳೆಯಾ ಅಂದಾನೆಪ್ಪ,

ನೀನು ತೀರಿಕೊಂಡ ಮೇಲೆ ನಮ್ಮ ಡೊಳ್ಳಿನ ಮೇಳದಲ್ಲಿ ನನ್ನ ಪದಕ್ಕೆ ಎದುರು ಪದ ಹಾಡುವವರು ಸಿಕ್ಕಿಲ್ಲ. ಸಿಕ್ಕವರೂ ನಿನ್ನಷ್ಟು ಬೈಯುವುದಿಲ್ಲ. ಅದಕ್ಕೇ ಈ ಸುದ್ದಿಯನ್ನು ನಿನಗೇ ಹೇಳಬೇಕು ಅನಿಸಿದೆ. ಬಲಗೈ ಇನ್ನೂ ಪೂರ್ತಿ ಮಾತು ಕೇಳುವುದಿಲ್ಲ, ಅಕ್ಷರ ನೋಡಿ ನಗಬೇಡ.

ಹೋದ ಅಮಾವಾಸ್ಯೆಗೆ ರನ್ನ ಬೆಳಗಲಿಯ ಬೀರಪ್ಪನ ಗುಡಿಯ ಮುಂದೆ ಹಾಡುತ್ತಿದ್ದೆ. ಬೆಳಗಿನ ಎಳೆಬಿಸಿಲು. ಇದ್ದಕ್ಕಿದ್ದಂತೆ ಡೊಳ್ಳಿನ ಸದ್ದು ದೂರ ಸರಿಯಿತು, ಹೊಳೆಯಾಚೆ ಯಾರೋ ಬಾರಿಸುತ್ತಿರುವ ಹಾಗೆ. ಬಲಗೈ ನನ್ನದಲ್ಲ ಅನಿಸಿತು. ನೋವಿಲ್ಲ, ಹೆದರಿಕೆಯೂ ಇಲ್ಲ. ಪದ ಎದೆಯಲ್ಲಿತ್ತು, ಬಾಯಿಗೆ ಬಂದರೆ ಬರೀ ತೊದಲು. ನಮ್ಮ ಜನ ಏನು ಮಾಡಿದರು ಗೊತ್ತೇ? "ಹೊಳೆಪ್ಪಜ್ಜನ ಮೈಮ್ಯಾಲೆ ಬೀರಪ್ಪ ಬಂದಾನ!" ಎಂದು ಡೊಳ್ಳು ಇನ್ನೂ ಜೋರು ಮಾಡಿದರು. ತಲೆಯ ಮೇಲೆ ಭಂಡಾರದ ಅರಿಶಿನಪುಡಿ ಸುರಿದರು. ಒಬ್ಬ ಕೈಮುಗಿದು, "ಈ ಸಲ ಮಳಿ ಹೆಂಗೈತಿ, ನುಡಿಯಪ್ಪಾ" ಅಂದ. ಆ ಹಳದಿ ಮೋಡದೊಳಗೆ ತೇಲುತ್ತ, ದೇವರೇ ಬಂದನೇನೋ ಅಂತ ನನಗೂ ಒಂದು ಗಳಿಗೆ ಅನಿಸಿತ್ತು.

ನನ್ನ ಹೆಂಡತಿ ಮಾಯವ್ವ ಮಾತ್ರ ನಂಬಲಿಲ್ಲ. "ದೇವರು ಬಂದ್ರ ಬಾಯಿ ಸೊಟ್ಟ ಆಗ್ತೈತೇನ್ರೋ? ಡೊಳ್ಳು ನಿಲ್ಲಸ್ರಿ!" ಎಂದು ಚೀರಿದವಳೇ ನಿನ್ನ ಮಗಳಿಗೆ ಫೋನ್ ಹಚ್ಚಿದಳು. ರಾಜೇಶ್ವರಿ ಈಗ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್. "ಅದು ಲಕ್ವಾ, ಕಾಕಿ. ನೀರೂ ಕುಡಸಬ್ಯಾಡ್ರಿ, ಎಲಿ ಔಷಧಕ್ಕೂ ಹೋಗಬ್ಯಾಡ್ರಿ. ಆಂಬುಲೆನ್ಸ್ ಕಳಸ್ತೇನಿ, ಸೀದಾ ಇಲ್ಲಿಗೇ ಬರ್ರಿ" ಅಂದಳಂತೆ.

ನಿನಗೆ ಲಕ್ವಾ ಹೊಡೆದಾಗ ಅದೇ ಆಸ್ಪತ್ರೆಯ ಬಾಗಿಲಿಗೆ ನಿನ್ನನ್ನು ಒಯ್ದ ದಿನ ನಾನೂ ಜೊತೆಗಿದ್ದೆ. ಮೊದಲು ಚೀಟಿ, ಆಮೇಲೆ ಮಂಚ, ಆಮೇಲೆ ರಕ್ತ ಪರೀಕ್ಷೆ. ಅಷ್ಟೊತ್ತಿಗೆ ಸ್ಕ್ಯಾನಿಂಗ್‌ನವನು ಊಟಕ್ಕೆ ಹೋಗಿದ್ದ. ಮೆದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಅಲ್ಲೇ ಇತ್ತು, ಕೊಡುವ ಹೊತ್ತು ಮೀರಿತ್ತು. ಯಾರೂ ಕೆಟ್ಟವರಲ್ಲ, ಒಬ್ಬರು ಮುಗಿಸಲಿ ಅಂತ ಇನ್ನೊಬ್ಬರು ಕಾಯುತ್ತಿದ್ದರು. ನಿನ್ನ ಮಾತು ಹೋಯಿತು, ಕೆಲವು ದಿನಕ್ಕೆ ನೀನೂ ಹೋದೆ.

ಮುಂದೆ ಅಲ್ಲೇ ಕೆಲಸಕ್ಕೆ ಸೇರಿದ ನಿನ್ನ ಮಗಳು ನಿನ್ನ ಹಾಗೇ ಹಟಮಾರಿ. ಒಂದು ಮಧ್ಯಾಹ್ನ ದೊಡ್ಡ ಡಾಕ್ಟರನ್ನೇ ಸ್ಟ್ರೆಚರ್ ಮೇಲೆ ಮಲಗಿಸಿ, ನೀನು ಕಾದ ಒಂದೊಂದು ಕಡೆಯೂ ಒಯ್ದು ನಿಲ್ಲಿಸಿದಳಂತೆ. ಸೂರು ನೋಡಿ ನೋಡಿ ಬೇಸತ್ತ ಅವರು, "ಇಷ್ಟೊತ್ತು ಯಾಕವ್ವಾ ಇಲ್ಲೇ?" ಎಂದು ಕೇಳಿದರು. "ನಮ್ಮಪ್ಪಗೂ ಹಿಂಗ ಕೇಳಬೇಕನಿಸಿರಬೇಕ್ರಿ, ಸರ್. ಬಾಯಿ ಇದ್ದಿಲ್ಲ" ಅಂದಳು. ಅಂದಿನಿಂದ ಲಕ್ವಾ ಹೊಡೆದವರಿಗೆ ಸ್ಕ್ಯಾನ್ ಮೊದಲು, ಚೀಟಿ ಆಮೇಲೆ.

ನಮ್ಮ ಆಂಬುಲೆನ್ಸ್ ಮಹಾಲಿಂಗಪುರ ದಾಟುವಾಗಲೇ ಸ್ಕ್ಯಾನಿಂಗ್ ಕೋಣೆಗೆ ಫೋನ್ ಹೋಗಿತ್ತು. ಇಳಿಸಿದ ಸ್ಟ್ರೆಚರ್ ಎಲ್ಲೂ ನಿಲ್ಲಲಿಲ್ಲ. ಮೇಲೆ ದೀಪಗಳು ಒಂದರ ಹಿಂದೊಂದು ಹರಿದುಹೋದವು. ಭಂಡಾರ ಮೆತ್ತಿದ ತಲೆಯೇ ಮಷೀನಿನೊಳಗೆ ಹೋಯಿತು, ಹೊರಬರುವಷ್ಟರಲ್ಲಿ ಇಂಜೆಕ್ಷನ್ ತಯಾರಾಗಿತ್ತು. ಆಮೇಲೆ ನಿದ್ದೆಯೋ ಎಚ್ಚರವೋ ತಿಳಿಯದು. ನೀನು ನಮ್ಮ ಹೊಲದ ಬದುವಿನ ಮೇಲೆ ಕೂತು ಎದುರು ಪದ ಹಾಡುತ್ತಿದ್ದೆ. ಉತ್ತರ ಕೊಡಬೇಕು, ನಾಲಿಗೆ ಏಳದು. ಈ ಸಲ ಸೋತೆ ಅಂದುಕೊಂಡೆ.

"ಅಜ್ಜಾರ, ನಿಮ್ಮ ಹೆಸರೇನ್ರಿ?" ಡಾಕ್ಟರ ದನಿ.

ನಾಲಿಗೆ ಎದ್ದಿತು. ಸ್ಪಷ್ಟವಾಗಿ, ಗುಡಿಯ ಮುಂದೆ ಕೂಗಿದಷ್ಟು ಜೋರಾಗಿ ಹೇಳಿದೆ: "ಅಂದಾನೆಪ್ಪ!"

ಡಾಕ್ಟರ ಮುಖ ಸಣ್ಣದಾಯಿತು. ಹೆಸರೇ ತಪ್ಪಿದೆ, ತಲೆ ಇನ್ನೂ ಸರಿಹೋಗಿಲ್ಲ ಅಂದರು. "ಇಲ್ರಿ ಸರ್, ಅದು ನಮ್ಮಪ್ಪನ ಹೆಸರು. ಕಾಕಾ ಸರಿ ಅದಾರ" ಎಂದ ರಾಜೇಶ್ವರಿ ಗೋಡೆಗೆ ಮುಖ ಮಾಡಿ ನಿಂತು ಅತ್ತುಬಿಟ್ಟಳು. ನಿನ್ನ ಮಣ್ಣಿನ ದಿನವೂ ಅಷ್ಟು ಅತ್ತಿರಲಿಲ್ಲ.

ನಿನ್ನ ಮಗಳ ಹೊಟ್ಟೆ ತಣ್ಣಗಿರಲಿ. ನೀನಿರುವಲ್ಲಿ ನಿನಗೂ ಮಾತು ಬಂದಿರಲಿ.

ಇನ್ನೂ ನಿನ್ನ ಎದುರು ಹಾಡುವವನು,
ಹೊಳೆಪ್ಪ