ನಿನಗಾಗಿ ಸವೆಸಿದ ಸೀರೆ

ಗೊಳಸಂಗಿ
ಮಾಘ ಮಾಸ, 1976

ಇನ್ನೂ ಮುಖ ತೋರಿಸದ ನನ್ನ ಕೂಸೇ,

ನಾಳೆ ನಸುಕಿನ ಬಸ್ಸಿಗೆ ನನ್ನನ್ನು ಹೆರಿಗೆಗೆಂದು ಮೋರಟಗಿಯ ತವರಿಗೆ ಕರೆದೊಯ್ಯುತ್ತಾರೆ. ಟ್ರಂಕು ತುಂಬಿಯಾಯಿತು. ಅದರಲ್ಲಿ ಇಡದೆ ಉಳಿದದ್ದು ನಾನೀಗ ಉಟ್ಟಿರುವ ಹಸಿರು ನೂಲಿನ ಸೀರೆ ಒಂದೇ. ನಾಲ್ಕು ತಿಂಗಳಿಂದ ಇದನ್ನೇ ಉಡುತ್ತಿದ್ದೇನೆ. ಯಾಕೆಂದು ನಾನೇ ಹೇಳಿಬಿಡುತ್ತೇನೆ. ಬೇರೆಯವರಾದರೆ ಉಪ್ಪುಖಾರ ಹಚ್ಚಿ ಹೇಳುತ್ತಾರೆ.

ನಿನ್ನ ಅವ್ವನಿಗೊಂದು ಹುಚ್ಚಿತ್ತು. ಸಾಲಿ ಮಾಸ್ತರರಾದ ನಿನ್ನಪ್ಪ ಬಾಗೇವಾಡಿಗೆ ಹೋದಾಗಲೆಲ್ಲ ಬಣ್ಣದ ವಾರಪತ್ರಿಕೆಯೊಂದನ್ನು ತರುತ್ತಿದ್ದರು. ಅವರು ಕತೆ ಓದುತ್ತಿದ್ದರು, ನಾನು ಚಿತ್ರ ನೋಡುತ್ತಿದ್ದೆ. ಈ ವರ್ಷ ಗುಲಾಬಿ ಬಣ್ಣ ಎಂದು ಅದರಲ್ಲಿ ಬಂದರೆ ನನಗೆ ಗುಲಾಬಿ ನೈಲಾನ್ ಸೀರೆಯೇ ಬೇಕು. ಮುಂದಿನ ದೀಪಾವಳಿಗೆ ಗುಲಾಬಿಯ ಕಾಲ ಮುಗಿಯಿತು ಎಂದರೆ, ಒಂದೆಳೆಯೂ ಸಡಿಲಾಗದ ಆ ಸೀರೆ ನನ್ನ ಕಣ್ಣಿಗೆ ಚಿಂದಿ. ನನ್ನನ್ನು ನೋಡಿ ಗೆಳತಿ ಲಕ್ಕವ್ವ ಉಬ್ಬಿದ ಪುಗ್ಗಾ ತೋಳಿನ ಕುಬಸ ಹೊಲಿಸಿದಳು, ಅವಳನ್ನು ನೋಡಿ ಓಣಿಯೇ ಹೊಲಿಸಿತು. ದೇವಣಗಾಂವದ ಮದುವೆಯೊಂದರಲ್ಲಿ ನಾವು ಐದು ಮಂದಿ ಒಂದೇ ಹೂವಿನ ಸೀರೆಯುಟ್ಟು ಸಾಲಾಗಿ ಕೂತಾಗ ಬ್ಯಾಂಡಿನವರ ಹಾಗೆ ಕಂಡೆವಂತೆ. ನಾನಂತೂ ಬೀಗಿದ್ದೇ ಬೀಗಿದ್ದು.

ಟ್ರಂಕಿನಲ್ಲಿ ಜಾಗ ಸಾಲದಾಯಿತು. ಹಳೆ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವವಳು ಬಾಗಿಲಿಗೆ ಬಂದಾಗ, ನನ್ನ ಅವ್ವ ಮದುವೆಯಲ್ಲಿ ಕೊಟ್ಟಿದ್ದ ಇಳಕಲ್ ಸೀರೆಗಳನ್ನೆಲ್ಲ ಅವಳ ಬುಟ್ಟಿಗೆ ಹಾಕಿದೆ. ಉಟ್ಟು ಉಟ್ಟು ಮೆತ್ತಗಾದ ಸೀರೆಗಳು. ಬದಲಿಗೆ ಒಂದು ಡಬ್ಬಿ ಸಿಕ್ಕಿತು. ಅದರ ಮುಚ್ಚಳ ಇವತ್ತಿಗೂ ಸರಿಯಾಗಿ ಕೂಡುವುದಿಲ್ಲ.

ನೀನು ಹೊಟ್ಟೆಯಲ್ಲಿ ನಿಂತ ನಾಲ್ಕನೇ ತಿಂಗಳಿಗೆ, ಹಳೆ ಸೀರೆಗಳನ್ನು ಪದರಿಟ್ಟು ಕೌದಿ ಹೊಲಿಯುವ ರಾಜಬಿ ಮನೆಗೆ ಬಂದಳು. ನಿನ್ನಪ್ಪ ಕೂಸಾಗಿದ್ದಾಗ ಮಲಗಿದ ಕೌದಿಯೂ ಅವಳ ಕೈಯದೇ. ಹುಟ್ಟುವ ಮುಂಚೆ ಕೂಸಿನ ಬಟ್ಟೆಗೆ ಸೂಜಿ ಮುಟ್ಟಿಸಬಾರದು, ಆದರೆ ನಿನ್ನದೊಂದು ಹಳೆ ಸೀರೆ ಈಗಲೇ ತೆಗೆದಿಡು ಎಂದಳು. ನಾನು ಟ್ರಂಕನ್ನೇ ಅವಳ ಮುಂದೆ ಬರಿದು ಮಾಡಿದೆ. ಆಕೆ ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿ ಬದಿಗಿಟ್ಟಳು. ಇವು ಬೆವರು ಹೀರುವುದಿಲ್ಲ, ಇವುಗಳಲ್ಲಿ ಹೊಲಿಗೆ ನಿಲ್ಲುವುದಿಲ್ಲ ಎಂದಳು. ನನ್ನ ಅತ್ತೆ ಸಿದ್ದಲಿಂಗವ್ವ ತಮ್ಮದೊಂದು ಸೀರೆ ತಂದುಕೊಟ್ಟರು. ರಾಜಬಿ ಅದನ್ನು ಒಳಪದರಿಗೆ ಇಟ್ಟುಕೊಂಡು ನನ್ನನ್ನು ನೋಡಿದಳು.

"ಮ್ಯಾಲಿನ ಪದರ ಹಡದಾಕೀದ ಆಗಬೇಕವಾ. ಕೂಸು ಅವ್ವನ ವಾಸನಿ ಹಿಡಕೊಂಡ ಮಲಗತೈತಿ."

ಟ್ರಂಕು ತುಂಬ ಸೀರೆ, ನಿನ್ನನ್ನು ಮಲಗಿಸಲು ಗೇಣು ಬಟ್ಟೆಯಿಲ್ಲ. ಅಡುಗೆಮನೆಗೆ ಹೋಗಿ ಗಳಗಳ ಅತ್ತುಬಿಟ್ಟೆ. ಪತ್ರಿಕೆಯ ಮೇಲೂ ಸಿಟ್ಟು ಬಂತು, ನನ್ನ ಮೇಲೂ ಬಂತು. ಮರುವಾರವೇ ಬಾಗೇವಾಡಿ ಸಂತೆಯಿಂದ ಈ ಹಸಿರು ಇಳಕಲ್ ತರಿಸಿದೆ. ಗಂಜಿ ಹಿಡಿದ ಹೊಸ ಸೀರೆ, ಹಲಗೆಯಂತೆ ಸೆಟೆದು ನಿಲ್ಲುತ್ತಿತ್ತು. ನೀನು ಬರುವುದರೊಳಗೆ ಇದನ್ನು ಮೆತ್ತಗೆ ಮಾಡುತ್ತೇನೆಂದು ಹಟ ತೊಟ್ಟೆ. ದಿನಾ ಉಡುವುದು, ದಿನಾ ಒಗೆಯುವುದು, ಒಣಗುವ ತನಕ ಅತ್ತೆಯ ಸೀರೆ.

ಕಾರ್ತಿಕದಲ್ಲಿ ಮುದ್ದೇಬಿಹಾಳದ ಮದುವೆಗೂ ಇದನ್ನೇ ಉಟ್ಟು ಹೋದೆ. ಸುಳ್ಳು ಯಾಕೆ, ಹೊಸ್ತಿಲು ದಾಟುವಾಗ ಕಾಲು ಹಿಂದೆ ಜಗ್ಗಿತು. ಚಿತ್ರದ ಗೊಂಬೆ ಮುದುಕಿಯಾದಳು ಎಂದು ಒಬ್ಬಾಕೆ ನಕ್ಕಳು. ನನ್ನ ಮುಖ ಕೆಂಪಾಯಿತು. ಅಷ್ಟರಲ್ಲಿ ನೀನು ಒದ್ದೆ, ಮೊದಲ ಸಲ. ನಾನು ಸೆರಗಿನ ಮೇಲೆ ಕೈಯಿಟ್ಟುಕೊಂಡು ಕೂತೆ. ಲಕ್ಕವ್ವ ಬದಿಗೆ ಕರೆದು ಕಾರಣ ಕೇಳಿದಳು, ಎಲ್ಲ ಹೇಳಿದೆ. ಪಾತ್ರೆಯವಳಿಗೆಂದು ಗಂಟು ಕಟ್ಟಿಟ್ಟಿದ್ದ ತನ್ನ ಸೀರೆಗಳನ್ನು ಅವಳು ಬಿಚ್ಚಿಟ್ಟುಕೊಂಡಳಂತೆ. ಈ ಸಲವೂ ನನ್ನನ್ನು ನೋಡಿಯೇ ಕಲಿತಳು ನೋಡು.

ನಿನ್ನೆ ರಾಜಬಿ ಬಂದು ನನ್ನ ಸೆರಗನ್ನು ಕೆನ್ನೆಗೆ ಒತ್ತಿಕೊಂಡಳು. ಕಣ್ಣು ಮುಚ್ಚಿ ನೂಲನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ಆತು ನೋಡವಾ," ಎಂದಳು. "ಇನ್ನ ಕೂಸು ಬರಲಿ."

ನೀನು ಹುಟ್ಟಿದ ದಿನ ಈ ಸೆರಗಿನಲ್ಲೇ ಸುತ್ತುತ್ತಾರೆ. ತೊಟ್ಟಿಲಿಗೆ ಹಾಕುವ ಮುಂಚೆ ಕೌದಿ ಹೊಲಿಯಲು ರಾಜಬಿ ಮೋರಟಗಿಗೇ ಬರುತ್ತಾಳೆ. ಚಂದದ ಬಟ್ಟೆಯ ಆಸೆ ನಿನಗೂ ಇರಲಿ, ನಾನು ಬೇಡ ಅನ್ನುವುದಿಲ್ಲ. ನೀನು ತೊಟ್ಟದ್ದು ನಿನ್ನ ಮೈಮೇಲೇ ಹಳೆಯದಾಗುವಷ್ಟು ಆಯುಷ್ಯ ನಿನಗೂ ಇರಲಿ, ಅದಕ್ಕೂ ಇರಲಿ.

ಸೀರೆ ಮೆತ್ತಗಾಗಿದೆ. ಸುಖವಾಗಿ ಬಾ.

ನಿನ್ನ ದಾರಿ ಕಾಯುತ್ತಿರುವ
ಅವ್ವ, ಶಂಕ್ರೆವ್ವ