ಅಕ್ಕ ಈಜು ಮರೆತಳು

ನವೆಂಬರ್ ೧೨, ಬುಧವಾರ

ಅಕ್ಕನ ಹಾಗೆ ಹುಟ್ಟಿನಿಂದ ಡೌನ್ ಸಿಂಡ್ರೋಮ್ ಇರುವವರಿಗೆ ಮರೆವು ಬೇಗ ಬರಬಹುದೆಂದು ಡಾಕ್ಟರು ಹೇಳಿದಾಗ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕನಿಗೆ ಇನ್ನೂ ನಲವತ್ತೆರಡು. ಈಜಿನಲ್ಲಿ ಗೋಡೆಯ ಮೊಳೆ ಸಾಲದಷ್ಟು ಪದಕ ಗೆದ್ದವಳು. ಇವತ್ತು ಕೊಳಕ್ಕಿಳಿದು, ಸೊಂಟದ ಮಟ್ಟದ ನೀರಿನಲ್ಲಿ ಸುಮ್ಮನೆ ನಿಂತುಬಿಟ್ಟಳು.

"ಮೊದ್ಲು ಕೈಯೋ, ಕಾಲೋ?"

ತಮಾಷೆಯೆಂದು ನಕ್ಕೆ. ಅವಳು ನಗಲಿಲ್ಲ. ನಾನು ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ.

"ಅಳ್ಬೇಡ ಕಣೇ. ನಿಂಗೆ ಈಜು ಕಲಿಸಿದ್ದು ಯಾರು?"

"ನೀನೇ ಅಕ್ಕ."

"ಹಂಗಾದ್ರೆ ಈಗ ನೀನು ಹೇಳ್ಕೊಡು."

ಅವಳ ಹೊಟ್ಟೆಯಡಿ ಅಂಗೈ ಕೊಟ್ಟು ತೇಲಿಸಿದೆ. ಕೈಕಾಲು ಆಡತೊಡಗಿದವು. ಅಂಗೈ ತೆಗೆಯಲು ನನಗೇ ಧೈರ್ಯವಾಗಲಿಲ್ಲ.

"ಬಿಡೇ, ಹೋಗ್ತೀನಿ" ಎಂದಳು.

ಬಿಟ್ಟೆ. ಆ ತುದಿಯವರೆಗೂ ಹೋದಳು.

ನಾಳೆ ಈಜು ಮರೆತರೆ ಮತ್ತೆ ಹೇಳಿಕೊಡುತ್ತೇನೆ. ಅದಕ್ಕೆ ಬೇಸರವಿಲ್ಲ. ಆದರೆ ಒಂದು ದಿನ ಅವಳು ನನ್ನನ್ನೇ...