ಕಾಲುವೆ ದಂಡೆಯಲ್ಲಿ ನೀನು ನುಂಗಿದ ಮಾತು

ಅಣ್ಣಾ,

‘ಪ್ರೀತಿಯ’ ಎಂದು ಮೊದಲು ಬರೆದೆ, ಆಮೇಲೆ ಹೊಡೆದು ಹಾಕಿದೆ. ಬರೀ ಅಣ್ಣಾ ಸಾಕು. ನೀನು ಹೋಗಿ ಎರಡು ಬೇಸಿಗೆ ಕಳೆದವು. ಗಂಡನನ್ನು ಕಳೆದುಕೊಂಡು ತವರಿಗೆ ಬಂದ ತಂಗಿ ಮೂಲೆ ಹಿಡಿದು ಕೂರಬಾರದು ಎಂದು ಪಾಟಿ, ಬಳಪ ತಂದುಕೊಟ್ಟವನು ನೀನು. ಓಣಿಯವರು ಆಡಿಕೊಂಡರೂ ಕೇಳದೆ ಅಕ್ಷರ ತಿದ್ದಿಸಿದೆ. ಅದೇ ಅಕ್ಷರದಲ್ಲಿ ಒಂದು ದಿನ ಇವಳು ನನ್ನನ್ನೇ ಬೈಯುತ್ತಾಳೆ ಎಂದು ನಿನಗೆ ಆಗ ಗೊತ್ತಾಗಿದ್ದರೆ… ಗೊತ್ತಾಗಿದ್ದರೂ ಕಲಿಸುತ್ತಿದ್ದೆ ಬಿಡು. ನಿನ್ನ ಮೇಲೆ ಪೂರ್ತಿ ಸಿಟ್ಟಾಗಲೂ ಬಿಡದವನು ನೀನು.

ನಮ್ಮ ಪಡಸಾಲೆ ನೆನಪಿದೆಯೇ? ಮದ್ರಾಸಿನಿಂದ ಯಾರು ಬಂದು ಹೊಸಪೇಟೆಯಲ್ಲಿ ರೈಲಿಳಿದರೂ ಹೈಸ್ಕೂಲಿನ ಮೇಷ್ಟ್ರ ಮನೆ ಎಲ್ಲಿ ಎಂದೇ ಕೇಳುತ್ತಿದ್ದರು. ಅವರ ಹೆಸರುಗಳು ನನ್ನ ನಾಲಿಗೆಗೆ ತಿರುಗುತ್ತಿರಲಿಲ್ಲ. ಹಂಪಿ ಬಜಾರಿನ ಕಲ್ಲುಮಂಟಪದಲ್ಲಿ ಬಾವಲಿಗಳ ಜೊತೆ ಮಲಗಿ, ಶಾಸನಗಳ ಮೇಲೆ ಒದ್ದೆ ಕಾಗದ ಬಡಿದು ಅಕ್ಷರ ಎತ್ತಿಕೊಳ್ಳುತ್ತಿದ್ದವರಿಗೆ ಕಲ್ಲಪ್ಪ ಎಂದು ಹೆಸರಿಟ್ಟೆ. ಸಂಡೂರಿನ ಗುಡ್ಡ ಹತ್ತಿ ಸುತ್ತಿಗೆಯಿಂದ ಬಂಡೆ ಒಡೆದು, ನಕ್ಷೆ ಬರೆಯುತ್ತ, ಮೈಯೆಲ್ಲ ಕೆಂಪು ಧೂಳಾಗಿ ಬರುತ್ತಿದ್ದವರು ಗುಡ್ಡಪ್ಪ. ಅವರ ಪಂಚೆ ಒಗೆದು ನಮ್ಮ ಒಗೆಯುವ ಕಲ್ಲಿಗೂ ಆ ಬಣ್ಣ ಹತ್ತಿತ್ತು. ಕಂಪ್ಲಿಯ ಹೊಳೆಯಲ್ಲಿ ಮೀನು ಹಿಡಿಸಿ ಗಾಜಿನ ಭರಣಿಯಲ್ಲಿ ತುಂಬುತ್ತಿದ್ದವರು ಮೀನಪ್ಪ. ಓಣಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆ ಒತ್ತಿ, ಚಳಿಜ್ವರಕ್ಕೆ ಪಕ್ಕೆಯಲ್ಲಿ ಬೆಳೆಯುವ ಜ್ವರಗಡ್ಡೆ ನೋಡುತ್ತಿದ್ದ ಡಾಕ್ಟರು ಜ್ವರಪ್ಪ. ದೊಡ್ಡವರಿಗೆ ಹಾಗೆಲ್ಲ ಅನ್ನಬಾರದು ಎಂದು ನೀನು ನನ್ನನ್ನು ಗದರಿಸುತ್ತಿದ್ದೆ. ಆಮೇಲೆ ಅತ್ತಿಗೆಯ ಹತ್ತಿರ ಹೋಗಿ ನೀನೂ ಅದೇ ಹೆಸರು ಹೇಳಿ ನಗುತ್ತಿದ್ದೆ.

ಅತ್ತಿಗೆ ಮೀನಿನ ಭರಣಿಗಳನ್ನು ಹೊಸ್ತಿಲು ದಾಟಿಸಲಿಲ್ಲ ನೋಡು, ಅದೂ ನೆನಪಾಗುತ್ತದೆ. ನೀನು ಎಷ್ಟು ಗೋಗರೆದೆ. ಅದು ಸತ್ತ ಮೀನು, ವಿದ್ಯೆಗಾಗಿ ಇಟ್ಟದ್ದು ಎಂದೆ. ಲಿಂಗಪೂಜೆ ನಡೆಯುವ ಮನೆಯಲ್ಲಿ ಮೀನು ವಿದ್ಯೆಗೂ ಬೇಡ, ಸಾರಿಗೂ ಬೇಡ ಎಂದಳು. ಕಡೆಗೆ ಭರಣಿಗಳು ದನದ ಕೊಟ್ಟಿಗೆಯ ಮಾಡಿನಲ್ಲಿ ಕೂತವು. ನೀನು ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಕೊಟ್ಟಿಗೆಗೆ ಹೋಗಿ ಅವನ್ನು ನೋಡುತ್ತ ನಿಲ್ಲುತ್ತಿದ್ದೆ. ಭೂಗೋಳ ಪಾಠ ಮಾಡುವ ಮೇಷ್ಟ್ರಿಗೆ ಮೀನಿನ ಮೇಲೆ ಏಕೆ ಅಷ್ಟು ಮೋಹ ಎಂದು ನಾನು ಕೇಳಿದ್ದಕ್ಕೆ, ಒಂದನ್ನೇ ಓದಿದವನಿಗೆ ಅದೂ ಪೂರ್ತಿ ತಿಳಿಯುವುದಿಲ್ಲ ಎಂದಿದ್ದೆ. ಆ ಹೊತ್ತಿಗೆ ನನಗೆ ಅದು ದೊಡ್ಡ ಮಾತಾಗಿ ಕೇಳಿಸಿತ್ತು.

ನಾಲ್ವರೂ ಒಂದೇ ಪಂಕ್ತಿಯಲ್ಲಿ ಉಣ್ಣಲು ಕೂತ ಮಧ್ಯಾಹ್ನವನ್ನು ನಾನು ಹೇಗೆ ಮರೆಯಲಿ? ನಾನು ರೊಟ್ಟಿ ಬಡಿಸುತ್ತಿದ್ದೆ, ಅವರು ಇಂಗ್ಲಿಷಿನಲ್ಲಿ ಜಗಳಾಡುತ್ತಿದ್ದರು, ನೀನು ನಡುನಡುವೆ ನನಗಾಗಿ ಕನ್ನಡದಲ್ಲಿ ಹೇಳುತ್ತಿದ್ದೆ. ಬೇಸಿಗೆಯಲ್ಲಿ ಹೂಳು ತೆಗೆಯಲು ಮನೆಯ ಹಿಂದಿನ ಕಾಲುವೆಯ ನೀರು ನಿಲ್ಲಿಸಿದ ಮೇಲೆಯೇ ನಮ್ಮ ಓಣಿಗೆ ಚಳಿಜ್ವರ ಬರುತ್ತದೆ, ಯಾಕೆ ಎಂದು ಜ್ವರಪ್ಪ ಕೇಳಿದರು. ಕಾಲುವೆಯ ಅಡಿ ಬರೀ ಬಂಡೆ, ನೀರು ಇಂಗುವುದಿಲ್ಲ, ಗುಂಡಿಗಳಲ್ಲೇ ನಿಲ್ಲುತ್ತದೆ ಎಂದರು ಗುಡ್ಡಪ್ಪ. ರಾಜರ ಕಾಲದಲ್ಲೂ ಗುಂಡಿ ಇದ್ದವು, ತೂಬಿನ ಬುಡದಲ್ಲಿ ಬೇಕೆಂದೇ ಮಡು ಬಿಟ್ಟು ಕಟ್ಟಿದ್ದಾರೆ ಎಂದರು ಕಲ್ಲಪ್ಪ. ಮೀನಪ್ಪ, ಆ ಗುಂಡಿಗಳಲ್ಲಿ ಸೊಳ್ಳೆಯ ಹುಳ ತಿನ್ನುವ ಸಣ್ಣ ಮೀನು ಇರುತ್ತವೆ, ನೀರು ನಿಂತ ಕೂಡಲೇ ಜನ ಇಳಿದು ಎಲ್ಲವನ್ನೂ ಬಾಚಿಕೊಳ್ಳುತ್ತಾರಲ್ಲ ಎಂದರು. ದೊಡ್ಡ ಮೀನು ಹಿಡಿದು ತಿಂದರೆ ನಷ್ಟವಿಲ್ಲ, ಅದು ಸಣ್ಣದನ್ನೇ ನುಂಗುವುದು, ಸಣ್ಣವನ್ನು ಬಿಟ್ಟರೆ ಸಾಕು ಎಂದೂ ಹೇಳಿದರು. ನಿನ್ನ ಕೈ ತಾಟಿನಲ್ಲೇ ನಿಂತುಬಿಟ್ಟಿತು. “ನಾಕೂ ಶಾಸ್ತ್ರ ಬಂದು ನಮ್ಮ ಓಣಿ ಗುಂಡ್ಯಾಗ ಕುಂತಾವ ನೋಡು, ಗಂಗಾ,” ಎಂದೆ. ಮದುವೆಯ ದಿನವೂ ನಿನ್ನ ಮುಖ ಅಷ್ಟು ಅರಳಿರಲಿಲ್ಲ.

ಅವರಿಗೆ ಯಾರಿಗೂ ಅದು ಹಾಗೆ ಕಾಣಲಿಲ್ಲ, ಅಣ್ಣಾ. ಊಟ ಮುಗಿದದ್ದೇ ಕಲ್ಲಪ್ಪ ತಮ್ಮ ಕಲ್ಲಿಗೆ, ಗುಡ್ಡಪ್ಪ ತಮ್ಮ ಗುಡ್ಡಕ್ಕೆ ಹೊರಟರು. ಜ್ವರದ ವಿಷಯ ತಮಗೆ ಸೇರಿದ್ದಲ್ಲ ಎಂದರು. ನಾಲ್ಕನ್ನೂ ಸೇರಿಸಿ ಓದಬಲ್ಲವನು ಆ ಮನೆಯಲ್ಲಿ ನೀನೊಬ್ಬನೇ ಇದ್ದೆ. ಅದಕ್ಕೇ ನಿನ್ನ ಮೇಲೆ ನನಗೆ ಇಷ್ಟು ಸಿಟ್ಟು. ತಿಳಿಯದವರನ್ನು ಬೈದು ಏನು ಬಂತು?

ಕಾಲುವೆ ದಂಡೆಯ ಆ ಸಂಜೆ. ನೀರು ನಿಲ್ಲಿಸುವ ವಾರ ಅದು. ನೀನೇ ಅಂಬಿಗರ ಓಣಿಯವರನ್ನೂ ನಮ್ಮ ಓಣಿಯವರನ್ನೂ ಕರೆಸಿದ್ದೆ. ನಾನು ಮನೆಯ ಹಿಂದಿನ ಮೆಟ್ಟಿಲ ಮೇಲೆ, ನಿನ್ನ ಕೂಸು ನೀಲಾಳನ್ನು ಸೊಂಟದಲ್ಲಿ ಇಟ್ಟುಕೊಂಡು ನಿಂತಿದ್ದೆ. ಮೀನಪ್ಪ ಒಂದು ಕೈಯಲ್ಲಿ ದೊಡ್ಡ ಮೀನು, ಇನ್ನೊಂದರಲ್ಲಿ ಬೆರಳುದ್ದದ ಮೀನು ಎತ್ತಿ ಹಿಡಿದು ಇಂಗ್ಲಿಷಿನಲ್ಲಿ ಮಾತಾಡಿದರು. ದೊಡ್ಡದನ್ನು ಬಾಯಿಯ ಹತ್ತಿರ ತಂದು ತಿನ್ನುವಂತೆ ನಟಿಸಿದರು. ಸಣ್ಣದನ್ನು ಬಗ್ಗಿ ನೀರಿಗೆ ಬಿಟ್ಟರು. ಜನ ನಕ್ಕರು. ಆಮೇಲೆ ಕನ್ನಡದಲ್ಲಿ ಹೇಳಲು ನೀನು ಎದ್ದು ನಿಂತೆ. ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಲಿಂಗ. “ಮೀನೂ ಒಂದು ಜೀವ. ಗುಂಡ್ಯಾಗಿನ ಮೀನು ಯಾರೂ ಹಿಡೀಬ್ಯಾಡ್ರಿ. ಎಲ್ಲಾರಿಗೂ ಒಳ್ಳೇದಾಗತೈತಿ,” ಎಂದು ಹೇಳಿ ಕೂತುಬಿಟ್ಟೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೀನಪ್ಪ ಮಾತ್ರ ತಾನು ಹೇಳಿದ್ದೆಲ್ಲ ಜನರಿಗೆ ತಲುಪಿತು ಎಂದು ಸಂತೋಷದಿಂದ ತಲೆಯಾಡಿಸುತ್ತಿದ್ದರು.

ಆ ಸಂಜೆಯೇ ನಿನ್ನನ್ನು ಕೇಳಿದೆನಲ್ಲ. ಊಟದ ಹೊತ್ತಿನಲ್ಲಿ ನನಗೆ ಹೇಳಿದ್ದೇ ಒಂದು, ದಂಡೆಯಲ್ಲಿ ಹೇಳಿದ್ದೇ ಒಂದು, ಏಕೆ? ನೀನು ನನ್ನ ಮುಖ ನೋಡಲಿಲ್ಲ. “ಬಾಯಾಗ ಆ ಮಾತು ಹೊರಡಲಿಲ್ಲ, ಗಂಗಾ. ಎದೀ ಮ್ಯಾಲ ಲಿಂಗ ಇಟ್ಕೊಂಡು ಮೀನು ತಿನ್ರಿ ಅಂತ ಹೆಂಗ ಅನ್ಲಿ?” ಎಂದೆ. ನಾಳೆ ಬೇರೆ ಯಾರಿಂದಲಾದರೂ ಹೇಳಿಸುತ್ತೇನೆ ಎಂದೂ ಸೇರಿಸಿದೆ. ನಾನು ನಂಬಿದೆ. ನೀನು ಹೇಳಿದ್ದನ್ನು ನಂಬದೆ ಇನ್ನು ಯಾರದನ್ನು ನಂಬಬೇಕಿತ್ತು?

ಮರುದಿನ ಬಂದವರು ಮಠದವರು. ಬೆಸ್ತರಿಗೆ ಅಹಿಂಸೆ ಬೋಧಿಸಿದ ಮಹಾನುಭಾವ ಎಂದು ನಿನಗೆ ಶಾಲು ಹೊದಿಸಿದರು. ನೀನು ಇಲ್ಲ ಎನ್ನಬಹುದಿತ್ತು. ಇದು ಅಹಿಂಸೆಯಲ್ಲ, ಜ್ವರದ ವಿಷಯ ಎನ್ನಬಹುದಿತ್ತು. ತಲೆ ತಗ್ಗಿಸಿ ಹೊದ್ದುಕೊಂಡೆ. ಶಾಲು ಹೊದ್ದ ಮೇಲೆ ‘ದೊಡ್ಡವು ತಿನ್ನಿ’ ಎಂದು ಯಾರಿಂದ ಹೇಳಿಸುತ್ತೀಯ? ಅಲ್ಲಿಗೆ ನಿನ್ನ ನಾಳೆ ಮುಗಿಯಿತು. ಇತ್ತ ಅಂಬಿಗರ ಓಣಿಯಲ್ಲಿ, ಮೇಲಿನವರು ನಮ್ಮ ಮೀನಿಗೂ ಕಲ್ಲು ಹಾಕಲು ಹೊರಟಿದ್ದಾರೆ, ಇನ್ನು ಮುಂದೆ ಸರ್ಕಾರದಿಂದ ಹುಕುಂ ತರುತ್ತಾರೆ ಎಂದು ಗುಲ್ಲೆದ್ದಿತು. ಹುಕುಂ ಬರುವ ಮೊದಲೇ ಸಿಕ್ಕಷ್ಟು ಸಿಗಲಿ ಎಂದು ಆ ವರ್ಷ ಹೆಂಗಸರು ಮಕ್ಕಳೆಲ್ಲ ಗುಂಡಿಗಿಳಿದು, ಹಳೆಯ ಸೀರೆ ಹರಡಿ, ಕಣ್ಣಿಗೆ ಕಾಣದ ಮರಿಗಳನ್ನೂ ಸೋಸಿಬಿಟ್ಟರು. ಗುಂಡಿಗಳಲ್ಲಿ ಬರೀ ಹಸಿರು ನೀರು ಉಳಿಯಿತು, ಅದರ ತುಂಬ ಹುಳ ಕುಣಿಯುತ್ತಿದ್ದವು. ನೀನೇ ನನ್ನನ್ನು ಕರೆದು ತೋರಿಸಿದೆ.

ಅತ್ತಿಗೆ ಮಲಗಿದ್ದು ಅದೇ ಬೇಸಿಗೆ. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು, ಮನೆಯಲ್ಲಿದ್ದ ಕಂಬಳಿಯೆಲ್ಲ ಹೊದಿಸಿದರೂ ಸಾಲಲಿಲ್ಲ. ಜ್ವರಪ್ಪ ಮದ್ರಾಸಿಗೆ ಹೋಗಿದ್ದರು. ಕಂಪೌಂಡರು ಕೊಟ್ಟ ಕ್ವಿನೈನ್ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಜ್ವರ ನೆತ್ತಿಗೇರಿದಾಗ ಆಕೆ ನೀಲಾಳ ಹೆಸರು ಬಿಟ್ಟು ಬೇರೇನೂ ಆಡಲಿಲ್ಲ. ನೀನು ಅವಳ ಕಾಲ ಹತ್ತಿರ ಕೂತಿದ್ದೆ. ಮಠದವರ ಶಾಲನ್ನೇ ಅವಳ ಮೇಲೆ ಹೊದಿಸಿದ್ದೆ. ಅದನ್ನು ಕಿತ್ತು ಬಿಸಾಡಬೇಕು ಅನ್ನಿಸಿತು ನನಗೆ. ಆಕೆಗೆ ಚಳಿ ಎಂದು ಸುಮ್ಮನಾದೆ.

ಅತ್ತಿಗೆ ಹೋದ ಮೇಲೆ ಐದಾರು ವರ್ಷ ನೀನು ಉಳಿದದ್ದು ಹೆಸರಿಗೆ. ಶಾಲೆಗೆ ಹೋಗಿ ಬಂದು ಗೋಡೆಗೆ ಒರಗಿ ಕೂರುತ್ತಿದ್ದೆ. ನಾಲ್ವರ ಪ್ರಬಂಧಗಳೂ ಒಂದೊಂದಾಗಿ ಅಚ್ಚಾಗಿ ಅಂಚೆಯಲ್ಲಿ ಬಂದವು. ಒಂದರಲ್ಲಿ ತೂಬಿನ ಕಲ್ಲಿನ ಅಳತೆ, ಒಂದರಲ್ಲಿ ಬಂಡೆಯ ಜಾತಿ, ಒಂದರಲ್ಲಿ ಮೀನಿನ ರೆಕ್ಕೆಯ ಚಿತ್ರ, ಒಂದರಲ್ಲಿ ನಮ್ಮ ಮಕ್ಕಳ ಜ್ವರಗಡ್ಡೆಯ ಲೆಕ್ಕ. ನೀನು ಓದಿ ಹೇಳುತ್ತಿದ್ದೆ, ನಾನು ಕೇಳುತ್ತಿದ್ದೆ. ಎಲ್ಲ ನಿಜವೇ ಬರೆದಿದ್ದರು. ನಮ್ಮ ಓಣಿಯನ್ನು ನಾಲ್ಕು ತುಂಡು ಮಾಡಿ ಹಂಚಿಕೊಂಡಂತಿತ್ತು, ಯಾವ ತುಂಡಿನಲ್ಲೂ ಅತ್ತಿಗೆ ಇರಲಿಲ್ಲ. ನೀನಾದರೂ ನಾಲ್ಕನ್ನೂ ಕೂಡಿಸಿ ಬರೆ ಎಂದು ಹೇಳಿದೆ. ಬರೆದರೆ ದಂಡೆಯ ಆ ಸಂಜೆಯನ್ನೂ ಬರೆಯಬೇಕಾಗುತ್ತದೆ ಎಂದೆ. ಮತ್ತೆ ನಾನು ಕೇಳಲಿಲ್ಲ. ಕಡೆಗೆ ಅದೇ ಜ್ವರ ನಿನ್ನನ್ನೂ ಒಯ್ದಿತು.

ನಿನಗೆ ಗೊತ್ತಿಲ್ಲದ ಸಂಗತಿ ಈಗ ಕೇಳು. ಯುದ್ಧ ಶುರುವಾದ ಮೇಲೆ ಕ್ವಿನೈನ್ ಕಣ್ಣಿಗೂ ಬೀಳುತ್ತಿಲ್ಲ. ಹೋದ ವರ್ಷ ನೀಲಾಳಿಗೂ ಗಡ್ಡೆ ಕಾಣಿಸಿಕೊಂಡಿತು. ಪಕ್ಕೆಯಲ್ಲಿ ಕೈಯಿಟ್ಟರೆ ಗಟ್ಟಿಯಾಗಿ ಸಿಗುತ್ತಿತ್ತು. ಅದೇ ಹೊತ್ತಿಗೆ ಮಠದವರು ಬಂದು, ಕಾಲುವೆ ದಂಡೆಯಲ್ಲಿ ನಿನ್ನ ಹೆಸರಿನ ಕಲ್ಲು ನಿಲ್ಲಿಸುತ್ತೇವೆ, ‘ಜೀವದಯಾಪರ’ ಎಂದು ಕೆತ್ತಿಸುತ್ತೇವೆ, ಮನೆಯವರ ಒಪ್ಪಿಗೆ ಬೇಕು ಎಂದರು. ನಾನು ಅವರನ್ನು ಪಡಸಾಲೆಯಲ್ಲೇ ಕೂರಿಸಿ, ಹಿಂದಿನ ಬಾಗಿಲಿನಿಂದ ಹೊರಬಿದ್ದು, ನೆಟ್ಟಗೆ ಅಂಬಿಗರ ಓಣಿಗೆ ಹೋದೆ. ಹುಟ್ಟಿದಾಗಿನಿಂದ ಆ ಓಣಿಗೆ ಕಾಲಿಟ್ಟವಳಲ್ಲ ನಾನು.

ಹುಲಿಗೆಮ್ಮನನ್ನು ನೀನು ಬಲ್ಲೆ. ಬುಟ್ಟಿ ಹೊತ್ತು ಹೋಗುವಾಗ ನಮ್ಮ ಮನೆಯ ಮುಂದೆ ಮಾತ್ರ ಕೂಗು ನಿಲ್ಲಿಸಿ ದಾಟುತ್ತಿದ್ದ ಮುದುಕಿ. ಆ ಓಣಿಯಲ್ಲಿ ಅವಳು ಹೇಳಿದ್ದೇ ಆಗುವುದು. ಅವಳ ಕಟ್ಟೆಯ ಮೇಲೆ ಕೂತು, ಊಟದ ಹೊತ್ತಿನಲ್ಲಿ ನೀನು ನನಗೆ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. “ದೊಡ್ಡವು ಹಿಡ್ಕೊಂಡು ತಿನ್ರಿ. ಸಣ್ಣವು ಬಿಡ್ರಿ. ಅವು ಸೊಳ್ಳಿ ಹುಳ ತಿಂತಾವ,” ಎಂದೆ. ಎದೆಯ ಮೇಲೆ ಲಿಂಗ ನನಗೂ ಇದೆ, ಅಣ್ಣಾ. ಅದು ಅಲ್ಲಿಯೇ ಇತ್ತು, ಏನೂ ಆಗಲಿಲ್ಲ. ಹುಲಿಗೆಮ್ಮ ಬುಟ್ಟಿ ಪಕ್ಕಕ್ಕೆ ಸರಿಸಿದಳು. “ಇಷ್ಟ ಏನವ್ವಾ? ನಾವು ಪಾಪ-ಪುಣ್ಯದ ಮಾತಂತ ತಿಳ್ಕೊಂಡಿದ್ವಿ. ಸಣ್ಣ ಮೀನಿನ್ಯಾಗ ರುಚೀನೂ ಇಲ್ಲ, ಬರೇ ಮುಳ್ಳು. ಬಿಡ್ರಿ ಅಂದಿದ್ರ ಅವತ್ತ ಬಿಡ್ತಿದ್ವಿ,” ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: “ನನ್ನ ಮೊಮ್ಮಗನೂ ಆ ವರ್ಷಾನ ಹೋದ.”

ಆ ವರ್ಷವೇ. ನೀನು ಶಾಲು ಹೊದ್ದ ವರ್ಷ. ನಮ್ಮ ದುಃಖ ನಮ್ಮ ಮನೆಯದೊಂದೇ ಎಂದು ನೀನು ಗೋಡೆಗೆ ಒರಗಿ ಕೂತಿದ್ದೆಯಲ್ಲ, ಅಷ್ಟು ಹತ್ತಿರದಲ್ಲಿ ಆ ಮುದುಕಿಯೂ…

ಈ ಬೇಸಿಗೆ ನೀರು ನಿಲ್ಲಿಸಿದಾಗ ದೊಡ್ಡ ಕಣ್ಣಿನ ಬಲೆ ಹೊರತು ಬೇರೆ ಯಾವುದನ್ನೂ ಹುಲಿಗೆಮ್ಮ ಗುಂಡಿಗೆ ಇಳಿಸಗೊಡಲಿಲ್ಲ. ಓಣಿಯಲ್ಲಿ ಜ್ವರ ಪೂರ್ತಿ ನಿಂತಿಲ್ಲ. ಎರಡು ಮನೆಯಲ್ಲಿ ಮಲಗಿದ್ದಾರೆ. ನೀಲಾ ಮಲಗಲಿಲ್ಲ. ಇದು ಮೀನಿನಿಂದಲೋ, ದೈವದಿಂದಲೋ, ಇನ್ನಾವುದರಿಂದಲೋ ಎಂದು ಹೇಳಲು ಇನ್ನೂ ಎಷ್ಟು ವರ್ಷ ನೋಡಬೇಕೋ ನಿನ್ನ ನಾಲ್ವರಿಗೇ ಗೊತ್ತು. ನನಗೆ ಮಗು ಎದ್ದು ಓಡಾಡಿದರೆ ಸಾಕು. ಇನ್ನು ಮಠದವರು. ಮೇಷ್ಟ್ರ ತಂಗಿ ಬೆಸ್ತರ ಕಟ್ಟೆಯಲ್ಲಿ ಕೂತು ಮೀನು ತಿನ್ನಿ ಎಂದಳಂತೆ ಎಂದು ಸುದ್ದಿ ಹಬ್ಬಿದ್ದೇ ತಡ, ಕಲ್ಲಿನ ಮಾತು ಎತ್ತುವುದನ್ನೇ ಬಿಟ್ಟರು. ನಮ್ಮ ಮನೆಗೆ ಹಬ್ಬದ ಕರೆಯೂ ಬರುತ್ತಿಲ್ಲ. ನಿನಗೆ ಸಿಗಬೇಕಿದ್ದ ಕಲ್ಲನ್ನು ತಪ್ಪಿಸಿದವಳು ನಾನು, ಬೇಕಾದರೆ ಬೇಸರ ಮಾಡಿಕೋ.

ನಿನ್ನೆ ಏನಾಯಿತು ಗೊತ್ತೇ? ನೀಲಾ ಹಿಂದಿನ ಮೆಟ್ಟಿಲ ಮೇಲೆ ಪಾತ್ರೆ ತೊಳೆಯುತ್ತಿದ್ದಳು. ಪೂಜೆ ಮುಗಿಸಿ ಬಂದವಳು, ಹಣೆಯ ತುಂಬ ವಿಭೂತಿ. ಎದುರು ದಂಡೆಯಲ್ಲಿ ಯಾರೋ ಹುಡುಗರು ಪಂಚೆ ಹರಡಿ ಗುಂಡಿಗೆ ಇಳಿದರು. ಇವಳು ಪಾತ್ರೆ ಬಿಟ್ಟು ಎದ್ದು ನಿಂತು, ಓಣಿಗೆಲ್ಲ ಕೇಳುವಂತೆ ಕೂಗಿದಳು: “ಲೇ, ದೊಡ್ಡವು ತಿನ್ರಿ, ಸಣ್ಣವು ಬಿಡ್ರಿ.” ಕೂಗಿ, ಏನೂ ಆಗದವಳಂತೆ ಮತ್ತೆ ಪಾತ್ರೆ ತೊಳೆಯಲು ಕೂತಳು.

ಎಷ್ಟು ಸಣ್ಣ ಮಾತು ಅದು, ಅಣ್ಣಾ. ನಿನ್ನ ಮಗಳಿಗೆ ಉಸಿರು ಕೂಡ ಕಟ್ಟಲಿಲ್ಲ.

ನಿನ್ನ ತಂಗಿ,
ಗಂಗಾ